ಉಕ್ಕಿನ ಬದಲು ಮರದ ತೊಲೆ: ಲೆಕ್ಕ ಎಲ್ಲಿಂದ ಶುರು, ಎಡವುವುದು ಎಲ್ಲಿ

ಉಕ್ಕಿನ ಚೌಕಟ್ಟಿನ ಡ್ರಾಯಿಂಗ್ ತೆಗೆದುಕೊಳ್ಳುತ್ತಾರೆ, ಐ-ಸೆಕ್ಷನ್ ಇದ್ದಲ್ಲೆಲ್ಲ ಅಳಿಸಿ ಮರದ ತೊಲೆ ಬರೆಯುತ್ತಾರೆ, ಬೆಂಡಿಂಗ್ ಲೆಕ್ಕ ಸರಿಹೋಯಿತೆಂದು ಕಳಿಸಿಬಿಡುತ್ತಾರೆ. ಪರಿಶೀಲನೆಗೆ ನನ್ನ ಮೇಜಿಗೆ ಬರುವ ಮರದ ವಿನ್ಯಾಸಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆಯೇ, ತಿದ್ದುಪಡಿಗೆ ವಾಪಸ್ ಹೋಗುವುದೂ ಒಂದೇ ಕಾರಣಕ್ಕೆ. ತೊಲೆ ಸಾಲುತ್ತದೆ, ತೊಲೆಯ ತುದಿ ಸಾಲುವುದಿಲ್ಲ.

ಉಕ್ಕಿನಲ್ಲಿ ಮೊದಲು ಸೆಕ್ಷನ್ ಆರಿಸಿ ಕೊನೆಗೆ ಜೋಡಣೆ ನೋಡುವುದು ರೂಢಿ. ಮರದಲ್ಲಿ ಈ ಕ್ರಮವನ್ನು ತಿರುಗಿಸಬೇಕು. ತುದಿಯಲ್ಲಿ ಬೋಲ್ಟ್‌ಗಳಿಗೆ ಬೇಕಾದಷ್ಟು ಜಾಗ ಇದೆಯೇ ಎಂಬುದೇ ಎಷ್ಟೋ ಸಲ ತೊಲೆಯ ಅಗಲ, ಎತ್ತರ ಎರಡನ್ನೂ ತೀರ್ಮಾನಿಸುತ್ತದೆ. ಕೆಳಗಿನ ಹಂತಗಳು ಅದಕ್ಕೇ ಈ ಕ್ರಮದಲ್ಲಿವೆ, ಹಿಂದುಮುಂದು ಮಾಡಬೇಡಿ.

ಇಲ್ಲಿರುವ ಅಂಕಿಗಳು ಯುರೋಕೋಡ್ 5ರವು, ಅಂದರೆ ಮರದ ಕಟ್ಟಡಗಳಿಗೆ ಯುರೋಪಿನ ವಿನ್ಯಾಸ ಕೋಡಿನವು. ನಿಮಗೆ ಅನ್ವಯಿಸುವ ಕೋಡ್ ಬೇರೆಯಾದರೆ ಅದರ ಅಂಕಿಗಳನ್ನೇ ಹಾಕಿ. ಒಂದು ಕೋಡಿನ ಬಲದ ಅಂಕಿಯನ್ನು ಇನ್ನೊಂದು ಕೋಡಿನ ಸುರಕ್ಷಾ ಗುಣಕದ ಜೊತೆ ಮಾತ್ರ ಬೆರೆಸಬೇಡಿ. ಕೆಲವು ಕೋಡ್‌ಗಳು ಕೊಡುವುದು ಸುರಕ್ಷತೆಯನ್ನು ಆಗಲೇ ಕಳೆದ ಅನುಮತಿಸಿದ ಒತ್ತಡ, ಇನ್ನು ಕೆಲವು ಕೊಡುವುದು ಕಳೆಯುವ ಮುಂಚಿನ ಬಲ. ಎರಡೂ ಕಾಗದದ ಮೇಲೆ ಒಂದೇ ತರಹ ಕಾಣುತ್ತವೆ.

## ಮೊದಲು ಕೈಯಲ್ಲಿ ಇರಬೇಕಾದವು

ಕೋಡ್ ಪುಸ್ತಕ, ಮರ ಪೂರೈಸುವವರ ದರ್ಜೆ ಮತ್ತು ಅಳತೆಗಳ ಪಟ್ಟಿ, ಮುಳ್ಳು ಚುಚ್ಚಿ ಓದುವ ತೇವಾಂಶ ಮೀಟರ್, ಮತ್ತೆ ಜೋಡಣೆಯನ್ನು 1:5 ಅಳತೆಯಲ್ಲಿ ಬಿಡಿಸಲು ಕಾಗದ, ಪೆನ್ಸಿಲ್. ಕೊನೆಯದನ್ನು ನೋಡಿ ನಗಬೇಡಿ. ಕಂಪ್ಯೂಟರ್ ಮಾದರಿಯಲ್ಲಿ ಜೋಡಣೆ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಎಂಟು ಬೋಲ್ಟ್ ಹಿಡಿಸುವುದಿಲ್ಲ ಎಂಬುದು ಅಳತೆಗೆ ಸರಿಯಾಗಿ ಬಿಡಿಸಿದಾಗಲೇ ಕಾಣುವುದು.

ಕೊನೆಯ ಲೆಕ್ಕಕ್ಕೆ ಸಹಿ ಹಾಕುವವರು ಮರದಲ್ಲಿ ಕೆಲಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಆಗಿರಲಿ. ಈ ಬರಹ ಅವರ ಜಾಗ ತುಂಬುವುದಿಲ್ಲ.

## ಹಂತ 1: ಎಲ್ಲಿ ಮರ, ಎಲ್ಲಿ ಬೇಡ

ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಅದರ ಬಿಗಿತದ ಅಳತೆ, ಚದರ ಮಿ.ಮೀ.ಗೆ 2,10,000 ನ್ಯೂಟನ್. ಜಿಎಲ್24ಎಚ್ ದರ್ಜೆಯ ಗ್ಲೂಲ್ಯಾಮ್, ಅಂದರೆ ಹಲಗೆಗಳನ್ನು ಅಂಟಿಸಿ ಮಾಡಿದ ತೊಲೆ, ಅದರದು 11,500. ಸುಮಾರು 18 ಪಟ್ಟು ವ್ಯತ್ಯಾಸ. ಇದನ್ನು ತುಂಬಿಕೊಡುವ ಅಗ್ಗದ ದಾರಿ ತೊಲೆಯ ಎತ್ತರ ಹೆಚ್ಚಿಸುವುದು. ಹಾಗಾಗಿ ಚಾವಣಿಯ ಕೆಳಗೆ ಎಷ್ಟು ಎತ್ತರ ಬಿಟ್ಟುಕೊಡುತ್ತೀರಿ ಎಂದು ಆರ್ಕಿಟೆಕ್ಟ್‌ರನ್ನು ಎಲ್ಲಕ್ಕಿಂತ ಮೊದಲು ಕೇಳಿ.

ನೆಲದ ತೊಲೆಗಳು, ಚಾವಣಿಯ ಜಂತೆಗಳು, ನೇರ ಭಾರ ಹೊರುವ ಕಂಬಗಳು, ಗೋಡೆಗಳು ಮರಕ್ಕೆ ಒಪ್ಪುತ್ತವೆ. ಮೇಲಿನ ಕಂಬವನ್ನೇ ನಡುವೆ ಹೊರುವ ತೊಲೆ, ಎತ್ತರ ಕಡಿಮೆಯಿರುವ ಉದ್ದ ಕ್ಯಾಂಟಿಲಿವರ್ (ಒಂದೇ ತುದಿಯಲ್ಲಿ ಹಿಡಿದ ತೊಲೆ), ಮಣ್ಣಿಗೆ ತಾಗುವ ಭಾಗ, ಸದಾ ನೀರು ನಿಲ್ಲುವ ಜಾಗ ಇವುಗಳನ್ನು ಉಕ್ಕಿಗೋ ಕಾಂಕ್ರೀಟಿಗೋ ಬಿಟ್ಟುಬಿಡಿ. ಎಲ್ಲವನ್ನೂ ಮರದಲ್ಲೇ ಮಾಡುತ್ತೇನೆಂಬ ಹಟ ಬೇಡ. ಎರಡು ಉಕ್ಕಿನ ತೊಲೆ ಉಳಿಸಿಕೊಂಡರೆ ಉಳಿದ ನಲವತ್ತು ತೊಲೆ ಸಲೀಸಾಗಿ ಮರಕ್ಕೆ ಬರುತ್ತವೆ.

ಉಕ್ಕಿಗೆಂದು ಹಾಕಿದ ಕಂಬದ ಗ್ರಿಡ್ ಅನ್ನೂ ಹಾಗೆಯೇ ಒಪ್ಪಿಕೊಳ್ಳಬೇಡಿ. ಉಕ್ಕಿಗೆ 9 ಮೀಟರ್ ಅಂತರ ಕಷ್ಟವಲ್ಲ. ಮರಕ್ಕೆ 6 ಮೀಟರ್ ಆಸುಪಾಸಿಗೆ ಇಳಿಸಿದರೆ ಮುಂದಿನ ಅರ್ಧ ತಲೆನೋವು ಇಲ್ಲೇ ಮುಗಿಯುತ್ತದೆ.

## ಹಂತ 2: ತೇವ ಮತ್ತು ಭಾರದ ಅವಧಿ ನಿಗದಿ ಮಾಡಿ

ಉಕ್ಕಿನ ಲೆಕ್ಕ ಮಾಡುವಾಗ ಯಾರೂ ಕೇಳದ ಎರಡು ಪ್ರಶ್ನೆಗಳು ಇವು. ತೊಲೆ ಇರುವ ಜಾಗದ ಗಾಳಿ ಎಷ್ಟು ತೇವ? ಭಾರ ಎಷ್ಟು ಕಾಲ ಕೂತಿರುತ್ತದೆ?

ತೇವದ ಪ್ರಕಾರ ಕೋಡ್ ಜಾಗಗಳನ್ನು ಸರ್ವಿಸ್ ಕ್ಲಾಸ್‌ಗಳಾಗಿ ವಿಂಗಡಿಸುತ್ತದೆ. ಒಣ ಒಳಾಂಗಣ ಕ್ಲಾಸ್ 1. ಅಲ್ಲಿ ಮೆದು ಮರಗಳ ತೇವಾಂಶ ಹೆಚ್ಚಿನಂಶ ಶೇ 12 ದಾಟುವುದಿಲ್ಲ. ಚಾವಣಿಯ ಕೆಳಗಿದ್ದೂ ಹೊರಗಾಳಿಗೆ ತೆರೆದ ಜಾಗ ಸಾಮಾನ್ಯವಾಗಿ ಕ್ಲಾಸ್ 2, ಅಲ್ಲಿ ಶೇ 20ರವರೆಗೆ. ಅದಕ್ಕೂ ಮೇಲಿನದು, ಅಂದರೆ ಮಳೆಗೆ ನೇರವಾಗಿ ಒಡ್ಡಿದ್ದು, ಕ್ಲಾಸ್ 3. ಇದನ್ನು ತಪ್ಪಾಗಿ ಆರಿಸಿದರೆ ಆಮೇಲಿನ ಪ್ರತಿ ಅಂಕಿಯೂ ತಪ್ಪುತ್ತದೆ. ಅಂಟಿನ ಆಯ್ಕೆಯೂ ಇದಕ್ಕೇ ಕಟ್ಟುಬಿದ್ದದ್ದು. ಜರ್ಮನಿಯ ಬಾಡ್ ರೈಶೆನ್‌ಹಾಲ್‌ನ ಹಿಮ ಸ್ಕೇಟಿಂಗ್ ಸಭಾಂಗಣದ ಮರದ ಚಾವಣಿ 2006ರ ಜನವರಿಯಲ್ಲಿ ಕುಸಿದು 15 ಮಂದಿ ಸತ್ತರು. ತೇವ ತಡೆಯದ ಯೂರಿಯಾ ಅಂಟನ್ನು ತೇವದ ಜಾಗದಲ್ಲಿ ಬಳಸಿದ್ದು ಅದರ ಕಾರಣಗಳಲ್ಲೊಂದು.

ಇನ್ನು ಅವಧಿ. ಮರ ಗಳಿಗೆಯ ಭಾರವನ್ನು ಹೊತ್ತಷ್ಟು ವರ್ಷಗಟ್ಟಲೆಯ ಭಾರವನ್ನು ಹೊರಲಾರದು. ಕೋಡ್ ಇದನ್ನು ಕೆ-ಮಾಡ್ ಎಂಬ ಗುಣಕದಲ್ಲಿ ಹಿಡಿಯುತ್ತದೆ. ಕ್ಲಾಸ್ 1 ಮತ್ತು 2ರಲ್ಲಿ ಕಾಯಂ ಭಾರಕ್ಕೆ 0.6, ನೆಲದ ಮೇಲಿನ ಬಳಕೆಯ ಭಾರಕ್ಕೆ 0.8, ಅಲ್ಪಾವಧಿಯ ಭಾರಕ್ಕೆ 0.9.

ಇಲ್ಲಿ ಪದೇ ಪದೇ ನೋಡುವ ತಪ್ಪು: ಒಟ್ಟು ಭಾರಕ್ಕೆ 0.8 ಹಾಕಿ ಮುಗಿಸುವುದು. ಕಾಯಂ ಭಾರವನ್ನೊಂದೇ 0.6 ಹಾಕಿ ಬೇರೆಯಾಗಿಯೂ ನೋಡಬೇಕು. ಕಾಯಂ ಭಾರಕ್ಕೆ 1.35, ಬಳಕೆಯ ಭಾರಕ್ಕೆ 1.5 ಗುಣಕ ಹಿಡಿದು ಲೆಕ್ಕ ಹಾಕಿದರೆ, ಬಳಕೆಯ ಭಾರವು ಕಾಯಂ ಭಾರದ ಶೇ 30ಕ್ಕಿಂತ ಕಡಿಮೆ ಇರುವಲ್ಲೆಲ್ಲ ತೊಲೆಯ ಗಾತ್ರ ನಿರ್ಧರಿಸುವುದು ಆ ಒಂಟಿ ಕಾಯಂ ಭಾರವೇ. ಮಣ್ಣು ತುಂಬಿದ ಹಸಿರು ಚಾವಣಿಯಲ್ಲಿ ಇದು ಥಟ್ಟನೆ ಎದುರಾಗುತ್ತದೆ.

## ಹಂತ 3: ಜೋಡಣೆಯ ಚಿತ್ರ ಬಿಡಿಸಿ, ಲೆಕ್ಕ ಆಮೇಲೆ

ತೊಲೆ ಕಂಬವನ್ನು ಹೇಗೆ ಸೇರುತ್ತದೆ? ಕಂಬದ ಮೇಲೆ ಕೂರುತ್ತದೆಯೋ, ಪಕ್ಕದಲ್ಲಿ ಬ್ರಾಕೆಟ್ ಮೇಲೋ, ತೊಲೆಯ ತುದಿಯಲ್ಲಿ ನಡುವೆ ಕೊಯ್ದ ಸೀಳಿನೊಳಗೆ ಉಕ್ಕಿನ ಪ್ಲೇಟ್ ಇಟ್ಟೋ? ಒಂದು ಅಂಕಿಯನ್ನೂ ಬರೆಯದೆ ಇದನ್ನು ತೀರ್ಮಾನಿಸಿ.

ನನ್ನ ಸಲಹೆ ಸರಳ. ಸಾಧ್ಯವಿರುವಲ್ಲೆಲ್ಲ ತೊಲೆಯನ್ನು ಕೂರಿಸಿ, ನೇತುಹಾಕಬೇಡಿ. ಮರದ ಮೇಲೆ ಮರ ಕೂತಾಗ ಭಾರ ತಾನಾಗಿ ಇಳಿಯುತ್ತದೆ, ಬೋಲ್ಟ್‌ಗೆ ಅದನ್ನು ಜಾಗದಲ್ಲಿ ಹಿಡಿದಿಡುವ ಕೆಲಸ ಮಾತ್ರ ಉಳಿಯುತ್ತದೆ. ಉಕ್ಕಿನಲ್ಲಿ ಬೆಸುಗೆ ಹಾಕಿ ಮಾಡುವ ಬಿಗಿ ಜೋಡಣೆಯನ್ನು ಮರದಲ್ಲಿ ನಕಲು ಮಾಡಹೋಗಬೇಡಿ. ಮಾದರಿಯಲ್ಲಿ ಎಲ್ಲ ತುದಿಗಳನ್ನೂ ಹಿಂಜ್ ಎಂದೇ, ಅಂದರೆ ಬಾಗಿಲ ತಿರುಗಣೆಯಂತೆ ತಿರುಗಬಲ್ಲವೆಂದೇ ಇಡಿ.

## ಹಂತ 4: ತೊಲೆಯ ಅಳತೆ, ಒಂದು ಉದಾಹರಣೆಯೊಂದಿಗೆ

6 ಮೀಟರ್ ಸ್ಪ್ಯಾನಿನ, ಅಂದರೆ ಆಧಾರದಿಂದ ಆಧಾರಕ್ಕೆ 6 ಮೀಟರ್ ಇರುವ, ಒಂದು ನೆಲದ ತೊಲೆ ತೆಗೆದುಕೊಳ್ಳೋಣ. ಮೀಟರಿಗೆ ಕಾಯಂ ಭಾರ 4.5 ಕಿಲೋನ್ಯೂಟನ್, ಬಳಕೆಯ ಭಾರ 7.5. ಉಕ್ಕಿನಲ್ಲಿ ಇದಕ್ಕೆ ಐಪಿಇ 270 ಎಂಬ ಐ-ಸೆಕ್ಷನ್ ಆರಾಮಾಗಿ ಸಾಲುತ್ತದೆ. ಎತ್ತರ 270 ಮಿ.ಮೀ., ಬಾಗು ಸುಮಾರು 17 ಮಿ.ಮೀ.

ಗುಣಕಗಳನ್ನು ಹಾಕಿದ ಮೇಲೆ ಬೆಂಡಿಂಗ್ ಮೊಮೆಂಟ್, ಅಂದರೆ ತೊಲೆಯನ್ನು ಬಾಗಿಸುವ ಪ್ರಭಾವ, 78 ಕಿಲೋನ್ಯೂಟನ್-ಮೀಟರ್. ಜಿಎಲ್24ಎಚ್‌ನ ವಿನ್ಯಾಸ ಬಲ: ದರ್ಜೆಯ ಬಾಗು ಬಲ 24ನ್ನು ಕೆ-ಮಾಡ್ 0.8ರಿಂದ ಗುಣಿಸಿ ಸುರಕ್ಷಾ ಗುಣಕ 1.25ರಿಂದ ಭಾಗಿಸಿದರೆ ಚದರ ಮಿ.ಮೀ.ಗೆ 15.4 ನ್ಯೂಟನ್. ಅಗಲ 160 ಮಿ.ಮೀ. ಹಿಡಿದರೆ ಬಲಕ್ಕೆ 440 ಮಿ.ಮೀ. ಎತ್ತರ ಸಾಕು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಅವರು ನಿಲ್ಲಿಸಿದಲ್ಲೇ ಇನ್ನೆರಡು ಪರೀಕ್ಷೆ ಬಾಕಿ ಇರುತ್ತವೆ.

ಮೊದಲನೆಯದು ಕಾಲ ಕಳೆದಂತೆ ಹೆಚ್ಚುವ ಬಾಗು. 440ರ ತೊಲೆ ಮೊದಲ ದಿನ 15.5 ಮಿ.ಮೀ. ಬಾಗುತ್ತದೆ, ಉಕ್ಕಿಗಿಂತ ಚೂರು ಕಡಿಮೆಯೇ. ಆದರೆ ಕ್ಲಾಸ್ 1ರಲ್ಲೂ ಕಾಯಂ ಭಾರದ ಬಾಗು ವರ್ಷಗಳಲ್ಲಿ 1.6 ಪಟ್ಟಾಗುತ್ತದೆ. ಬಳಕೆಯ ಭಾರದಲ್ಲಿ ಸದಾ ಇರುವ ಪಾಲನ್ನೂ ಸೇರಿಸಿದರೆ ಒಟ್ಟು 20.7 ಮಿ.ಮೀ. ಸ್ಪ್ಯಾನಿನ 300ನೇ ಒಂದು ಭಾಗ ಮಿತಿಯೆಂದಾದರೆ, ಅಂದರೆ 20 ಮಿ.ಮೀ., ತೊಲೆ ಫೇಲು.

ಎರಡನೆಯದು ಕಂಪನ. ನಡೆದರೆ ನೆಲ ಕುಣಿಯಬಾರದು. ವಾಸದ ನೆಲಗಳಿಗೆ ಯುರೋಕೋಡಿನ ಸರಳ ವಿಧಾನ ನಡೆಯುವುದು ಆವರ್ತನ 8 ಹರ್ಟ್ಸ್ ದಾಟಿದರೆ ಮಾತ್ರ. 440ರ ತೊಲೆಯನ್ನೊಂದೇ ಹಿಡಿದರೆ ಸುಮಾರು 7.4 ಬರುತ್ತದೆ, 480 ಮಾಡಿದರೆ 8.4. ಕೊನೆಯ ಬಾಗೂ 16 ಮಿ.ಮೀ.ಗೆ ಇಳಿಯುತ್ತದೆ. ಹಾಗಾಗಿ ಅಳತೆ 160×480. ಬಲದ ಲೆಕ್ಕ ಇದನ್ನು ಹೇಳಲೇ ಇಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಮಾತು. ಮರ ಹಗುರ, ಅಡಿಪಾಯ ಉಳಿತಾಯ ಎಂದು ಹೇಳುತ್ತಿರುತ್ತಾರಲ್ಲ, ಈ ತೊಲೆಯ ತೂಕ ಮೀಟರಿಗೆ 32 ಕೆ.ಜಿ. ಉಕ್ಕಿನದು 36. ತೊಲೆ ಬದಲಿಸಿದ್ದರಿಂದ ಕಟ್ಟಡ ಹಗುರಾಗುವುದಿಲ್ಲ. ಹಗುರಾಗುವುದು ಅದರ ಮೇಲಿನ ಕಾಂಕ್ರೀಟ್ ಚಪ್ಪಡಿಯನ್ನೂ ಮರಕ್ಕೆ ಬದಲಿಸಿದರೆ.

## ಹಂತ 5: ತೊಲೆ ಕೂರುವ ಜಾಗ

ಮರವನ್ನು ನಾರಿಗೆ ಅಡ್ಡಲಾಗಿ ಒತ್ತಿದರೆ ಅದು ಜಜ್ಜುತ್ತದೆ. ನಮ್ಮ ಉದಾಹರಣೆಯಲ್ಲಿ ತುದಿಯ ಭಾರ 52 ಕಿಲೋನ್ಯೂಟನ್, ಅಡ್ಡ ಒತ್ತಡದ ವಿನ್ಯಾಸ ಬಲ ಚದರ ಮಿ.ಮೀ.ಗೆ ಬರೀ 1.6 ನ್ಯೂಟನ್. 160 ಅಗಲಕ್ಕೆ ಭಾಗಿಸಿದರೆ ತೊಲೆ 200 ಮಿ.ಮೀ.ಗೂ ತುಸು ಹೆಚ್ಚು ಉದ್ದಕ್ಕೆ ಕೂರಬೇಕು. ಕೋಡ್ ಕೊಡುವ ಹೆಚ್ಚಳದ ಗುಣಕ ಬಳಸಿ ಇದನ್ನು ತಗ್ಗಿಸಬಹುದು, ಆದರೆ ಉಕ್ಕಿನ ತೊಲೆಗೆಂದು ಬರೆದ 100 ಮಿ.ಮೀ. ಕೂರುವ ಜಾಗವನ್ನು ನೋಡದೆ ಉಳಿಸಿಕೊಳ್ಳಬೇಡಿ. ಜಾಗ ಸಾಲದಿದ್ದರೆ ಕೆಳಗಿನಿಂದ ನೇರವಾಗಿ ಪೂರ್ತಿ ಉದ್ದಕ್ಕೂ ತಿರುಪಿನ ಗೆರೆಯಿರುವ ಉದ್ದ ಸ್ಕ್ರೂಗಳನ್ನು ಹಾಕಿ ಬಲಪಡಿಸುವುದುಂಟು.

ಬಹುಮಹಡಿಯಲ್ಲಿ ತೊಲೆಯ ಮೇಲೆ ಕಂಬ, ಕಂಬದ ಮೇಲೆ ತೊಲೆ ಎಂದು ಪೇರಿಸುತ್ತ ಹೋಗಬೇಡಿ. ಪ್ರತಿ ಮಹಡಿಯಲ್ಲೂ ಅಡ್ಡ ನಾರು ಜಜ್ಜಿ, ಒಣಗಿ ಕುಗ್ಗಿ, ಕಟ್ಟಡ ಇಳಿಯುತ್ತ ಹೋಗುತ್ತದೆ. ಕಂಬದ ತುದಿ ಕಂಬದ ತುದಿಗೇ ತಾಗಬೇಕು, ತೊಲೆ ಪಕ್ಕದಲ್ಲಿ ಸೇರಬೇಕು.

## ಹಂತ 6: ಜೋಡಣೆಯ ಲೆಕ್ಕ

ನಿಮ್ಮ ಸಮಯದ ಅರ್ಧ ಇಲ್ಲಿಗೆ ಮೀಸಲಿಡಿ.

ಜಾಗದಿಂದ ಶುರು ಮಾಡಿ. 16 ಮಿ.ಮೀ. ಬೋಲ್ಟ್‌ನಿಂದ ಎಳೆಯುವ ಒಂದು ಸದಸ್ಯ, ಅಂದರೆ ಚೌಕಟ್ಟಿನ ಒಂದು ಮರದ ತುಂಡು, ಇದೆ ಎನ್ನಿ. ಎಳೆತದ ತುದಿಯಿಂದ ಮೊದಲ ಬೋಲ್ಟ್‌ಗೆ ವ್ಯಾಸದ 7 ಪಟ್ಟು, 80 ಮಿ.ಮೀ.ಗೆ ಕಡಿಮೆಯಿಲ್ಲದಂತೆ. ಇಲ್ಲಿ 112. ನಾರಿನುದ್ದಕ್ಕೆ ಬೋಲ್ಟ್‌ನಿಂದ ಬೋಲ್ಟ್‌ಗೆ 5 ಪಟ್ಟು, 80. ಸಾಲಿನಿಂದ ಸಾಲಿಗೆ 4 ಪಟ್ಟು, 64. ಭಾರವಿಲ್ಲದ ಅಂಚಿಗೆ 3 ಪಟ್ಟು, 48. ಎರಡು ಸಾಲು ಹಾಕಿದರೆ 48, 64, 48 ಸೇರಿ ಸದಸ್ಯದ ಎತ್ತರ 160 ಆಗಲೇಬೇಕು. ಎಳೆತದ ಬಲಕ್ಕೆ 100 ಸಾಕೆಂದು ಲೆಕ್ಕ ಹೇಳಿದರೂ 160ಕ್ಕೆ ಏರಲೇಬೇಕು. ಸದಸ್ಯದ ಅಳತೆಯನ್ನು ಜೋಡಣೆ ನಿರ್ಧರಿಸುತ್ತದೆ ಎಂದದ್ದು ಇದಕ್ಕೇ.

ಬೋಲ್ಟ್‌ಗಳನ್ನು ಎಣಿಸಿ ಗುಣಿಸಬೇಡಿ. ಒಂದೇ ಸಾಲಿನಲ್ಲಿ ನಾಲ್ಕು ಬೋಲ್ಟ್ ಇದ್ದರೆ ಬಲ ನಾಲ್ಕು ಪಟ್ಟಾಗುವುದಿಲ್ಲ, ಏಕೆಂದರೆ ನಡುವಿನ ಮರ ಸೀಳುತ್ತದೆ. ಮೇಲಿನ ಅಂತರಗಳಿಗೆ ಯುರೋಕೋಡಿನ ಸೂತ್ರ ಹಾಕಿದರೆ ನಾಲ್ಕು ಬೋಲ್ಟ್ ಎಣಿಕೆಗೆ ಸಿಗುವುದು ಸುಮಾರು 2.7 ಮಾತ್ರ. ಉಕ್ಕಿನಿಂದ ಬಂದವರು ಅತಿ ಹೆಚ್ಚು ಬೀಳುವ ಗುಂಡಿ ಇದೇ.

ಗುಂಪಾಗಿ ಕಿತ್ತು ಬರುವುದನ್ನು ನೋಡಿ. ಬೋಲ್ಟ್‌ಗಳು ಗಟ್ಟಿಯಾಗಿದ್ದೂ, ಅವು ಹಿಡಿದ ಮರದ ಇಡೀ ತುಂಡು ಡ್ರಾಯರ್ ಎಳೆದಂತೆ ಹೊರಬರಬಹುದು. ಇದಕ್ಕೆ ಬ್ಲಾಕ್ ಶಿಯರ್ ಎನ್ನುತ್ತಾರೆ. ನಾರ್ವೆಯ ಟ್ರೆಟ್ಟೆನ್ ಸೇತುವೆ ಗ್ಲೂಲ್ಯಾಮ್ ಮತ್ತು ಉಕ್ಕಿನದು. 2012ರಲ್ಲಿ ತೆರೆದದ್ದು 2022ರ ಆಗಸ್ಟ್‌ನಲ್ಲಿ ಕುಸಿಯಿತು. ತನಿಖೆ ಬೊಟ್ಟುಮಾಡಿದ್ದು ಓರೆ ಸದಸ್ಯವೊಂದರ ಜೋಡಣೆಯಲ್ಲಾದ ಬ್ಲಾಕ್ ಶಿಯರ್ ಕಡೆಗೆ. ಅದೇ ದೇಶದಲ್ಲಿ 2016ರಲ್ಲಿ ಬಿದ್ದ ಪೆರ್ಕೊಲೊ ಸೇತುವೆಯಲ್ಲೂ ಸೋತದ್ದು ಜೋಡಣೆಯೇ.

ನಾರಿಗೆ ಅಡ್ಡ ಎಳೆಯಬೇಡಿ. ಜಿಎಲ್24ಎಚ್‌ಗೆ ನಾರಿನುದ್ದಕ್ಕೆ ಎಳೆತದ ಬಲ ಚದರ ಮಿ.ಮೀ.ಗೆ 19.2 ನ್ಯೂಟನ್, ಅಡ್ಡಕ್ಕೆ 0.5. ತೊಲೆಯ ಕೆಳ ಅಂಚಿನ ಬಳಿ ಬೋಲ್ಟ್ ಹಾಕಿ ಇನ್ನೊಂದು ತೊಲೆ ನೇತುಹಾಕಿದರೆ ಕೆಳಗಿನ ಪಟ್ಟಿಯಷ್ಟೇ ಸೀಳಿ ಬರುತ್ತದೆ. ಬೋಲ್ಟ್‌ಗಳು ತೊಲೆಯ ಮೇಲ್ಭಾಗದವರೆಗೆ ಹೋಗಬೇಕು. ತುದಿಯಲ್ಲಿ ಕೆಳಗಿನಿಂದ ಕಚ್ಚು ಹೊಡೆದು ಕೂರಿಸುವುದೂ ಇದೇ ಅಪಾಯವೇ. ಕಚ್ಚಿನ ಒಳಮೂಲೆಯಿಂದ ಬಿರುಕು ನಾರಿನುದ್ದಕ್ಕೆ ಓಡುತ್ತದೆ. ತಪ್ಪಿಸಲಾಗದಿದ್ದರೆ ಕೋಡಿನ ಕಚ್ಚಿನ ಲೆಕ್ಕ ಮಾಡಿ, ಸ್ಕ್ರೂಗಳಿಂದ ಬಲಪಡಿಸಿ. ಪೈಪ್, ಡಕ್ಟ್‌ಗೆ ಕೊರೆಯುವ ತೂತುಗಳಿಗೂ ಇದೇ ಮಾತು. ಆಧಾರದ ಹತ್ತಿರ ಬೇಡ.

ಕುಗ್ಗಲು ಬಿಡಿ. ಅಡ್ಡ ನಾರಿನಲ್ಲಿ ತೇವಾಂಶ ಶೇ 1 ಇಳಿದರೆ ಮರ ಸುಮಾರು ಶೇ 0.25 ಕುಗ್ಗುತ್ತದೆ. 480ರ ತೊಲೆ ಶೇ 15ರಿಂದ 9ಕ್ಕೆ ಒಣಗಿದರೆ 7 ಮಿ.ಮೀ. ಆ ಎತ್ತರದುದ್ದಕ್ಕೂ ಉಕ್ಕಿನ ಪ್ಲೇಟಿಗೆ ಬೋಲ್ಟ್ ಬಿಗಿದಿದ್ದರೆ ಪ್ಲೇಟ್ ಕುಗ್ಗುವುದಿಲ್ಲ, ಮರ ಸೀಳುತ್ತದೆ. ಬೋಲ್ಟ್ ಗುಂಪನ್ನು ಒತ್ತಾಗಿಡಿ, ದೂರದ ಬೋಲ್ಟ್‌ಗೆ ಪ್ಲೇಟಿನಲ್ಲಿ ಉದ್ದನೆಯ ತೂತು ಕೊಡಿ.

ಜಾರುವಿಕೆ ಲೆಕ್ಕಕ್ಕೆ ತನ್ನಿ. ಮರದಲ್ಲಿ ಬೋಲ್ಟ್ ತೂತು ಬೋಲ್ಟ್‌ಗಿಂತ 1 ಮಿ.ಮೀ.ಗಿಂತ ದೊಡ್ಡದಿರಬಾರದು. ಆ 1 ಮಿ.ಮೀ. ಕೂಡ ಟ್ರಸ್ಸಿನ ಪ್ರತಿ ಜೋಡಣೆಯಲ್ಲೂ ಸೇರಿಕೊಂಡು ನಡುವಿನ ಬಾಗಿಗೆ ಕೂಡುತ್ತದೆ. ವಾಷರ್ ವ್ಯಾಸ ಬೋಲ್ಟ್‌ನ 3 ಪಟ್ಟು, ದಪ್ಪ 0.3 ಪಟ್ಟು. 16 ಮಿ.ಮೀ. ಬೋಲ್ಟ್‌ಗೆ 48 ಅಗಲ, 5 ದಪ್ಪ. ಉಕ್ಕಿನ ಕೆಲಸದ ಸಣ್ಣ ವಾಷರ್ ಹಾಕಿದರೆ ಮರದೊಳಗೆ ಮುಳುಗುತ್ತದೆ.

## ಹಂತ 7: ಗಾಳಿ, ಭೂಕಂಪ

ಎಲ್ಲ ಜೋಡಣೆಯೂ ಹಿಂಜ್ ಆದ ಮೇಲೆ ಕಟ್ಟಡ ಪಕ್ಕಕ್ಕೆ ವಾಲದಂತೆ ಹಿಡಿಯುವವರು ಬೇರೆ ಬೇಕು. ಓರೆ ಬ್ರೇಸ್, ಸಿಎಲ್‌ಟಿ (ಹಲಗೆಗಳನ್ನು ಪದರಪದರವಾಗಿ ಅಡ್ಡ-ಉದ್ದ ಅಂಟಿಸಿದ ಫಲಕ) ಗೋಡೆ, ಕಾಂಕ್ರೀಟಿನ ಲಿಫ್ಟ್ ಗುಂಡಿ, ಯಾವುದಾದರೂ ಒಂದನ್ನು ಹಂತ 1ರಲ್ಲೇ ಜಾಗ ಮಾಡಿ ಇಟ್ಟಿರಬೇಕು. ಎತ್ತರಕ್ಕೆ ಹೋದರೆ ಹಗುರವೇ ತೊಡಕು. 85 ಮೀಟರ್ ದಾಟಿದ ನಾರ್ವೆಯ ಮ್ಯೋಸ್ಟೋರ್ನೆಟ್ ಗೋಪುರದ ಮೇಲಿನ ಮಹಡಿಗಳಿಗೆ ಕಾಂಕ್ರೀಟ್ ಚಪ್ಪಡಿ ಹಾಕಿದ್ದು ತೂಕ ಸೇರಿಸಿ ಓಲಾಟ ತಗ್ಗಿಸಲಿಕ್ಕೆ. ಭೂಕಂಪದಲ್ಲಿ ಬಾಗಿ ಶಕ್ತಿ ಹೀರಬೇಕಾದ್ದು ಉಕ್ಕಿನ ಕೊಂಡಿಗಳು. ಮರ ತಟ್ಟನೆ ಮುರಿಯುವ ವಸ್ತು, ಅದರಿಂದ ಆ ಕೆಲಸ ನಿರೀಕ್ಷಿಸಬೇಡಿ.

## ಹಂತ 8: ಬೆಂಕಿ

ಬೆತ್ತಲೆ ಉಕ್ಕು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಂಡಿರುತ್ತದೆ. ಗ್ಲೂಲ್ಯಾಮ್ ನಿಮಿಷಕ್ಕೆ 0.7 ಮಿ.ಮೀ. ಲೆಕ್ಕದಲ್ಲಿ ಇದ್ದಿಲಾಗುತ್ತದೆ, ಒಳಗಿನದು ಉಳಿಯುತ್ತದೆ. 60 ನಿಮಿಷಕ್ಕೆ 42, ಬಿಸಿಯಿಂದ ಬಲಗುಂದಿದ ಪದರಕ್ಕೆ 7, ಒಟ್ಟು ಪ್ರತಿ ಮುಖದಿಂದ 49 ಮಿ.ಮೀ. ಕಳೆಯಿರಿ. ಮೂರು ಮುಖ ಸುಟ್ಟ ನಮ್ಮ 160×480 ತೊಲೆಯಲ್ಲಿ 62×431 ಉಳಿಯುತ್ತದೆ. ಬೆಂಕಿಯ ಹೊತ್ತಿನ ಕಡಿಮೆ ಭಾರಕ್ಕೆ, ಮೇಲಿನ ನೆಲ ಅದನ್ನು ಪಕ್ಕಕ್ಕೆ ಹಿಡಿದಿದ್ದರೆ, ಅದು ಸಾಲುತ್ತದೆ.

ಆದರೆ ಜೋಡಣೆ? ಮುಚ್ಚದ ಬೋಲ್ಟ್ ಜೋಡಣೆಗೆ ವಿಶೇಷ ಲೆಕ್ಕವಿಲ್ಲದೆ ಯುರೋಕೋಡ್ ಕೊಡುವುದು 15 ನಿಮಿಷ ಮಾತ್ರ, ಅದೂ ಪಕ್ಕದ ತುಂಡುಗಳು ಮರದ್ದಾದಾಗ. ಒಂದು ಗಂಟೆ ನಿಲ್ಲುವ ತೊಲೆಯನ್ನು ಕಾಲು ಗಂಟೆಯ ಜೋಡಣೆ ಹಿಡಿದಿದ್ದರೆ ಒಟ್ಟು ಅವಧಿ ಕಾಲು ಗಂಟೆಯೇ. ಪ್ಲೇಟನ್ನು ಮರದೊಳಗೆ ಹೂತು, ಬೋಲ್ಟ್ ತಲೆಗಳನ್ನು ಮರದ ಬಿರಡೆಯಿಂದ ಮುಚ್ಚಿ. ಅದಕ್ಕೆ ಅಗಲ ಬೇಕು. ಅಗಲ ಬೇಕೆಂದರೆ ಹಂತ 4ಕ್ಕೆ ಮರಳಿ ಹೋಗಿ. ಇಂಥ ಒಂದೆರಡು ಸುತ್ತು ಆಗಿಯೇ ಆಗುತ್ತವೆ.

## ಹಂತ 9: ಸೈಟಿನಲ್ಲಿ

ಮರ ಬಂದ ದಿನವೇ ಮೀಟರ್ ಚುಚ್ಚಿ, ಅಂಕಿ ಬರೆದಿಡಿ. ನೆಲದಿಂದ ಎತ್ತರಿಸಿ ಪೇರಿಸಿ, ಮೇಲೆ ಮುಚ್ಚಿ, ಪಕ್ಕದಲ್ಲಿ ಗಾಳಿಗೆ ಬಿಡಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಟ್ಟಿದರೆ ಒಳಗೇ ಬೆವರುತ್ತದೆ. ಕತ್ತರಿಸಿದ ತುದಿ ಬತ್ತಿಯಂತೆ ನೀರು ಹೀರುತ್ತದೆ, ಅದಕ್ಕೆ ಮೊದಲು ಸೀಲರ್ ಬಳಿಯಿರಿ. ಕಂಬದ ಬುಡ ಕಾಂಕ್ರೀಟಿಗೆ ತಾಗದೆ ಉಕ್ಕಿನ ಷೂ ಮೇಲೆ ಎತ್ತರದಲ್ಲಿರಲಿ.

ಡ್ರಾಯಿಂಗ್‌ನಲ್ಲಿ ಇಲ್ಲದ ಒಂದೇ ಒಂದು ತೂತನ್ನೂ ಸೈಟಿನಲ್ಲಿ ಕೊರೆಯಬಾರದೆಂದು ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರಿಗೂ ಬರೆದುಕೊಡಿ. ನಾನು ಲೆಕ್ಕ ಮಾಡಿದ್ದ ಒಂದು ತೊಲೆಯಲ್ಲಿ, ಆಧಾರದಿಂದ ಗೇಣು ದೂರದಲ್ಲಿ, ಡ್ರೈನ್ ಪೈಪಿಗೆಂದು ಕೈ ತೂರುವಷ್ಟು ತೂತು ಕೊರೆದಿದ್ದರು. ಬಾಯಲ್ಲಿ ಹೇಳಿದ್ದೆ, ಬರೆದುಕೊಟ್ಟಿರಲಿಲ್ಲ.

ಮರ ಒಳಗಿನ ಗಾಳಿಗೆ ಹೊಂದಿಕೊಂಡ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಸಬೇಕು. ಅದಕ್ಕೆ ಕೈ ಹೋಗುವಷ್ಟು ಜಾಗವಿಡಿ, ಗುತ್ತಿಗೆಯ ಪಟ್ಟಿಯಲ್ಲೂ ಸೇರಿಸಿ. ಇಲ್ಲದಿದ್ದರೆ ಆ ಕೆಲಸಕ್ಕೆ ಯಾರೂ ಬರುವುದಿಲ್ಲ.

## ಎಚ್ಚರಿಕೆಯ ಗುರುತುಗಳು

ತೊಲೆಯ ಮೈಮೇಲೆ ನಾರಿನುದ್ದಕ್ಕೆ ಕಾಣುವ ಕೂದಲೆಳೆ ಬಿರುಕು ಒಣಗುವಾಗ ಸಹಜ, ಹೆಚ್ಚಿನಂಶ ಚಿಂತೆ ಬೇಡ. ಅದೇ ಬಿರುಕು ಬೋಲ್ಟ್ ಸಾಲಿನಲ್ಲಿ ತೂತಿನಿಂದ ತೂತಿಗೆ ಹಾದಿದ್ದರೆ, ಕಚ್ಚಿನ ಮೂಲೆಯಿಂದ ಹೊರಟಿದ್ದರೆ, ತೊಲೆಯ ಈ ಬದಿಯಿಂದ ಆ ಬದಿಗೆ ಬೆಳಕು ಕಾಣುವಂತಿದ್ದರೆ ಭಾರ ಇಳಿಸಿ, ಕೆಳಗೆ ಆಸರೆ ಕೊಟ್ಟು, ಎಂಜಿನಿಯರ್‌ರನ್ನು ಕರೆಯಿರಿ.

ಬೋಲ್ಟ್ ಸುತ್ತ ಕಪ್ಪು ಕಲೆ ನೀರು ಒಳಹೋಗುತ್ತಿರುವುದರ ಗುರುತು. ಮೀಟರ್ ಶೇ 20 ದಾಟಿ ವಾರಗಟ್ಟಲೆ ಅಲ್ಲೇ ನಿಂತರೆ ಶಿಲೀಂಧ್ರಕ್ಕೆ ದಾರಿ ತೆರೆದ ಹಾಗೆ. ಮೊದಲು ಸೋರಿಕೆ ನಿಲ್ಲಿಸಿ, ಬಣ್ಣ ಆಮೇಲೆ.

ನೆಲ ಎರಡನೇ ವರ್ಷದಲ್ಲಿ ತಟ್ಟನೆ ಹೆಚ್ಚು ಜೋತರೆ ತೊಲೆಯನ್ನೇ ದೂರಬೇಡಿ. ಜೋಡಣೆ ಜಾರಿದ್ದಕ್ಕೆ ತೊಲೆಯ ಕೆಳಗೆ ಉಕ್ಕಿನ ಪಟ್ಟಿ ಹೊಡೆಸಿದವರನ್ನು ಕಂಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊದಲು ತುದಿಗಳಿಗೆ ಹೋಗಿ, ನಟ್ ತಿರುಗಿಸಿ ನೋಡಿ, ಪ್ಲೇಟ್ ಮತ್ತು ಮರದ ನಡುವಿನ ಸಂದು ಅಳೆಯಿರಿ, ಕೂರುವ ಜಾಗದಲ್ಲಿ ಮರ ಜಜ್ಜಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ನಡುವಿನ ಬಾಗನ್ನು ಅಳೆಯುವುದು ಅದಾದ ಮೇಲೆ.